ಘಾಟಿಗೂ ಒಂದು ಗಣಿತ

ಪಿಂಗಾಣಿಯ ಖಲ್ಲಿನಲ್ಲಿ ಒಂದಿಷ್ಟು ಶುದ್ಧ ಕರ್ಪೂರ. ಅದರ ಜೊತೆಗೆ ಅಷ್ಟೇ ತೂಕದ ಮೆಂಥಾಲ್ ಹರಳು. ಎರಡೂ ಬೆಳ್ಳಗಿನ, ಒಣ ಪದಾರ್ಥಗಳು. ಹನಿ ನೀರು ಹಾಕದೆ, ಒಲೆಯ ಕಾವು ತಾಗಿಸದೆ ಸುಮ್ಮನೆ ಅರೆಯುತ್ತ ಹೋದರೆ ಮೊದಲು ಪುಡಿ ಒದ್ದೆಯಾಗುತ್ತದೆ, ಆಮೇಲೆ ಖಲ್ಲಿನ ಅಂಚಿಗೆ ಅಂಟುತ್ತದೆ, ನೋಡನೋಡುತ್ತಿದ್ದಂತೆ ತಿಳಿಯಾದ ದ್ರವವಾಗಿ ಹರಿದಾಡತೊಡಗುತ್ತದೆ. ಕರ್ಪೂರ ಒಂಟಿಯಾಗಿ ಕರಗಲು ಸುಮಾರು 175 ಡಿಗ್ರಿ ಸೆಲ್ಸಿಯಸ್ ತಾಪ ಬೇಕು. ಮೆಂಥಾಲ್ ಕರಗಲು 40 ಡಿಗ್ರಿ ದಾಟಬೇಕು. ಜೊತೆಯಾದಾಗ ಮಾತ್ರ ಒಂದರ ಅಣುಗಳ ಕಟ್ಟನ್ನು ಇನ್ನೊಂದು ಸಡಿಲಿಸಿ, ಕೋಣೆಯ ತಾಪದಲ್ಲೇ ಎರಡೂ ನೀರಾಗುತ್ತವೆ. ಇವೆರಡಕ್ಕೆ ಓಮದ ಸತ್ವವನ್ನೂ ಸೇರಿಸಿ ಹಿಂದಿನ ತಲೆಮಾರಿನವರು ‘ಅಮೃತಧಾರೆ’ ಎಂಬ ಹೆಸರಿನಲ್ಲಿ ಸೀಸೆ ತುಂಬಿಡುತ್ತಿದ್ದರು.

ನೋವಿನ ಮುಲಾಮುಗಳ ರಸಾಯನಶಾಸ್ತ್ರ ಆರಂಭವಾಗುವುದು ಈ ವಿಸ್ಮಯದಿಂದ. ಅದನ್ನು ಪರೀಕ್ಷಿಸಬೇಕಾದ ವಿಶ್ಲೇಷಕರ ತಲೆನೋವೂ ಅಲ್ಲಿಂದಲೇ. ಹೀಗೆ ಒಂದಾಗಿಹೋದ ದ್ರವದಲ್ಲಿ ಕರ್ಪೂರವೆಷ್ಟು, ಮೆಂಥಾಲ್ ಎಷ್ಟು? ಕಣ್ಣಿಗೆ ಭೇದ ಕಾಣದು. ಮೂಗು ‘ಜೋರಾಗಿದೆ’ ಎಂದಷ್ಟೇ ಹೇಳೀತು; ಶೇಕಡಾ 5 ಮತ್ತು ಶೇಕಡಾ 8ರ ನಡುವಿನ ಅಂತರವನ್ನು ಯಾವ ನಾಸಿಕವೂ ಆಣೆ ಮಾಡಿ ಹೇಳಲಾರದು. ಆದರೂ ನಮ್ಮ ಮನೆಗಳಲ್ಲಿ ಶತಮಾನಕ್ಕೂ ಮೀರಿದ ಒಂದು ನಂಬಿಕೆ ಭದ್ರವಾಗಿ ಕುಳಿತಿದೆ. ಘಾಟು ಹೆಚ್ಚಿದ್ದರೆ ಔಷಧ ಗಟ್ಟಿ, ಉರಿ ಹೆಚ್ಚಿದ್ದರೆ ಗುಣ ಖಂಡಿತ. ಈ ನಂಬಿಕೆಯ ಎದುರು ಅಂಕಿಯನ್ನು ನಿಲ್ಲಿಸಿದ್ದು ಆಧುನಿಕ ಪ್ರಯೋಗಾಲಯದ ಅತ್ಯಂತ ಸೊಗಸಾದ ಸಾಧನೆಗಳಲ್ಲಿ ಒಂದು.

ಔಷಧದಂಗಡಿಯಲ್ಲಿ ದೊರೆಯುವ ಸಾಮಾನ್ಯ ನೋವುನಿವಾರಕ ಜೆಲ್‌ನ ಟ್ಯೂಬನ್ನು ತಿರುಗಿಸಿದರೆ ಆ ಅಂಕಿಗಳು ಸಾಲಾಗಿ ಕಾಣುತ್ತವೆ: ಡೈಕ್ಲೋಫೆನಾಕ್ ಡೈಈಥೈಲಮೀನ್ 1.16, ಮೀಥೈಲ್ ಸ್ಯಾಲಿಸಿಲೇಟ್ 10, ಮೆಂಥಾಲ್ 5, ಅಗಸೆ ಎಣ್ಣೆ 3, ಎಲ್ಲವೂ ಶೇಕಡಾ ತೂಕದಲ್ಲಿ. ಇದರಲ್ಲಿ 1.16 ಎಂಬ ವಿಚಿತ್ರ ಸಂಖ್ಯೆಯೇ ಒಂದು ಪುಟ್ಟ ಪಾಠ. ಡೈಕ್ಲೋಫೆನಾಕ್‌ನ ಪ್ರಮಾಣವನ್ನು ವೈದ್ಯಲೋಕ ರೂಢಿಯಿಂದ ಅದರ ಸೋಡಿಯಂ ಲವಣದ ಲೆಕ್ಕದಲ್ಲಿ ಹೇಳುತ್ತದೆ. ಸೋಡಿಯಂ ಲವಣದ ಅಣುತೂಕ 318.1, ಜೆಲ್‌ಗೆ ಒಗ್ಗುವ ಡೈಈಥೈಲಮೀನ್ ಲವಣದ್ದು 369.3. ಮೊದಲನೆಯದರ ಒಂದು ಪಾಲು ಔಷಧಶಕ್ತಿ ಎರಡನೆಯದರಿಂದ ಸಿಗಬೇಕಾದರೆ 1.16 ಪಾಲು ಬೇಕು. ಟ್ಯೂಬಿನ ಮೇಲೆ ಅಚ್ಚಾದ ಪ್ರತಿ ದಶಾಂಶದ ಹಿಂದೆ ಯಾರೋ ಒಬ್ಬರು ತಕ್ಕಡಿ ಹಿಡಿದು ನಿಂತಿದ್ದಾರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಇಂಥ ಅಂಕಿಗಳಿಲ್ಲದ ಕಾಲವೂ ಇತ್ತು. ಸ್ವಾಮಿ ವಿವೇಕಾನಂದರ ಭಾಷಣದಿಂದಾಗಿ ನಮಗೆಲ್ಲ ಚಿರಪರಿಚಿತವಾದ 1893ರ ಷಿಕಾಗೋ ನಗರದಲ್ಲಿ, ಅದೇ ವಿಶ್ವಮೇಳದ ಸಂದರ್ಭದಲ್ಲಿ, ಕ್ಲಾರ್ಕ್ ಸ್ಟಾನ್ಲಿ ಎಂಬ ವ್ಯಾಪಾರಿ ಜನರ ಕಣ್ಣೆದುರೇ ಬುಡುಬುಡಿಕೆ ಹಾವನ್ನು ಸೀಳಿ, ಅದರ ಕೊಬ್ಬಿನಿಂದ ತೆಗೆದದ್ದೆಂದು ಹೇಳಿ ನೋವಿನ ಎಣ್ಣೆ ಮಾರಿ ಹೆಸರಾದ. ಕೀಲುನೋವು, ಬೆನ್ನುನೋವು, ಹಲ್ಲುನೋವು, ಎಲ್ಲಕ್ಕೂ ಅದೊಂದೇ ರಾಮಬಾಣ. ಅಮೆರಿಕದಲ್ಲಿ 1906ರಲ್ಲಿ ಶುದ್ಧ ಆಹಾರ ಮತ್ತು ಔಷಧ ಕಾಯಿದೆ ಬಂದು, ದಶಕದ ಬಳಿಕ ಸರ್ಕಾರಿ ರಸಾಯನಜ್ಞರು ಆ ಎಣ್ಣೆಯನ್ನು ಪರೀಕ್ಷೆಗೆ ಒಡ್ಡಿದರು. ಸಿಕ್ಕಿದ್ದು ಖನಿಜ ತೈಲ, ಪ್ರಾಯಶಃ ದನದ ಕೊಬ್ಬಿನದಾದ ಶೇಕಡಾ ಒಂದರಷ್ಟು ಜಿಡ್ಡು, ಕೆಂಪು ಮೆಣಸಿನಕಾಯಿಯ ಸಾರ, ಇದ್ದರೂ ಇರಬಹುದಾದಷ್ಟು ಕರ್ಪೂರ ಮತ್ತು ಟರ್ಪೆಂಟೈನ್. ಹಾವಿನ ಸುಳಿವೇ ಇಲ್ಲ. ನ್ಯಾಯಾಲಯ ವಿಧಿಸಿದ ದಂಡ 20 ಡಾಲರ್.

ಆ ಪಟ್ಟಿಯಲ್ಲಿದ್ದ ಮೆಣಸಿನಕಾಯಿ ಕುತೂಹಲ ಹುಟ್ಟಿಸುತ್ತದೆ. ಸ್ಟಾನ್ಲಿಯ ಎಣ್ಣೆ ಚರ್ಮಕ್ಕೆ ಹಚ್ಚಿದೊಡನೆ ಚುರುಗುಟ್ಟುತ್ತಿತ್ತು. ಆ ಚುರುಕೇ ಜನರನ್ನು ನಂಬಿಸಿತ್ತು. ಇಂದಿನ ವೈದ್ಯವಿಜ್ಞಾನವೂ ಮೆಣಸಿನಕಾಯಿಯ ಕ್ಯಾಪ್ಸೈಸಿನ್‌ಗೆ ನೋವುನಿವಾರಕ ಗುಣವಿದೆಯೆಂದು ಒಪ್ಪುತ್ತದೆ ಎನ್ನುವುದು ಇತಿಹಾಸದ ತುಂಟತನ. ಮೋಸವಿದ್ದದ್ದು ಮೆಣಸಿನಕಾಯಿಯಲ್ಲಲ್ಲ, ಇದೆಯೆಂದದ್ದು ಇಲ್ಲದಿರುವುದರಲ್ಲಿ, ಇದ್ದದ್ದು ಎಷ್ಟೆಂದು ಹೇಳದಿರುವುದರಲ್ಲಿ.

ಅದೇ 1893ರಲ್ಲಿ ಮುಂಬಯಿಯಲ್ಲಿ ಕಾಶಿನಾಥುನಿ ನಾಗೇಶ್ವರರಾವ್ ಪಂತುಲು ಅವರು ‘ಅಮೃತಾಂಜನ’ವನ್ನು ಆರಂಭಿಸಿದರು. ಮುಂದೆ ‘ಆಂಧ್ರ ಪತ್ರಿಕೆ’ಯನ್ನು ಹುಟ್ಟುಹಾಕಿ, ಸ್ವಾತಂತ್ರ್ಯ ಹೋರಾಟದಲ್ಲಿ ತೊಡಗಿ ‘ದೇಶೋದ್ಧಾರಕ’ರೆನಿಸಿಕೊಂಡವರು ಅವರು. ಮದರಾಸಿಗೆ ನೆಲೆ ಬದಲಿಸಿದ ಆ ಹಳದಿ ಮುಲಾಮು ದಕ್ಷಿಣದ ಮನೆಮನೆಯ ಕಪಾಟು ಸೇರಿತು. ರಂಗೂನಿನಿಂದ ಹೊರಟ ‘ಟೈಗರ್ ಬಾಮ್’ ಸಿಂಗಪುರದ ಮೂಲಕ ಜಗತ್ತು ಸುತ್ತಿತು. ಹೆಸರು ಬೇರೆ, ಡಬ್ಬಿಯ ಬಣ್ಣ ಬೇರೆ. ಆದರೆ ಈ ಬಗೆಯ ಬಹುತೇಕ ಬಾಮ್‌ಗಳ ಒಡಲಲ್ಲಿರುವುದು ಬೆರಳೆಣಿಕೆಯ ಸುಗಂಧ ದ್ರವ್ಯಗಳ ಮೇಳ: ಕರ್ಪೂರ, ಮೆಂಥಾಲ್, ನೀಲಗಿರಿ ಎಣ್ಣೆ, ಲವಂಗದ ಎಣ್ಣೆ, ಮೀಥೈಲ್ ಸ್ಯಾಲಿಸಿಲೇಟ್.

ಇವುಗಳಲ್ಲಿ ಒಂದೊಂದರ ಪೂರ್ವವೃತ್ತಾಂತವೂ ದೀರ್ಘವಾದದ್ದು. ಪುದೀನ ಎಣ್ಣೆಯಿಂದ ಮೆಂಥಾಲ್ ಹರಳನ್ನು ಯೂರೋಪಿನಲ್ಲಿ ಬೇರ್ಪಡಿಸಿದ್ದು 1771ರಲ್ಲಿ. ಇಂದು ಜಗತ್ತಿಗೆ ನೈಸರ್ಗಿಕ ಮೆಂಥಾಲ್ ಒದಗಿಸುವುದರಲ್ಲಿ ಭಾರತವೇ ಅಗ್ರಗಣ್ಯ. ಉತ್ತರ ಪ್ರದೇಶದ ಬಾರಾಬಂಕಿ, ಸಂಭಲ್ ಸೀಮೆಯ ಹೊಲಗಳು ಅದರ ತವರು, ಲಖನೌದ ‘ಸಿಮ್ಯಾಪ್’ ಸಂಸ್ಥೆ ಅದರ ತಳಿಗಳ ತವರು. ಆ ಸಂಸ್ಥೆಯ ಒಂದು ಸಂಶೋಧನಾ ಕೇಂದ್ರ ಬೆಂಗಳೂರಿನಲ್ಲೂ ಇದೆ. ನೀಲಗಿರಿ ಮರವನ್ನು ಟಿಪ್ಪು ಸುಲ್ತಾನ್ 1790ರ ಆಸುಪಾಸಿನಲ್ಲಿ ನಂದಿಬೆಟ್ಟದ ತೋಟದಲ್ಲಿ ನೆಡಿಸಿದನೆಂದು ಅರಣ್ಯಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಊಟಿಯ ಬೆಟ್ಟಗಳಿಗೆ ಅದು ಬಂದದ್ದು 1843ರಲ್ಲಿ. ಅದೇ ವರ್ಷ ದೂರದ ಪಶ್ಚಿಮದಲ್ಲಿ, ವಿಂಟರ್‌ಗ್ರೀನ್ ಎಂಬ ಪುಟ್ಟ ಗಿಡದ ಎಣ್ಣೆಯಲ್ಲಿರುವುದು ಮೀಥೈಲ್ ಸ್ಯಾಲಿಸಿಲೇಟ್ ಎಂಬ ಸಂಗತಿ ಬೆಳಕಿಗೆ ಬಂತು. ಅದೇ ಕುಲದ ಇನ್ನೊಂದು ಗಿಡ ನೀಲಗಿರಿಯ ಇಳಿಜಾರುಗಳಲ್ಲಿ ತಾನೇ ತಾನಾಗಿ ಬೆಳೆಯುತ್ತದೆ. ಆಯುರ್ವೇದದ ಬಾಮ್‌ಗಳ ಲೇಬಲ್ಲಿನಲ್ಲಿ ‘ಗಂಧಪುರ ತೈಲ’ ಎಂದು ಕಾಣಿಸಿಕೊಳ್ಳುವುದು ಅದರದೇ ಎಣ್ಣೆ.

ಹಳೆಯ ವಿಶ್ಲೇಷಕರ ಕೈಯಲ್ಲಿದ್ದದ್ದು ಬ್ಯೂರೆಟ್ಟು, ಶಂಕುಪಾತ್ರೆ ಮತ್ತು ಅಪಾರ ತಾಳ್ಮೆ. ಮೀಥೈಲ್ ಸ್ಯಾಲಿಸಿಲೇಟನ್ನು ಕ್ಷಾರದೊಂದಿಗೆ ಕುದಿಸಿ ಒಡೆದು, ಉಳಿದ ಕ್ಷಾರವನ್ನು ಆಮ್ಲದಿಂದ ಅಳೆದು, ಕಳೆದ ಲೆಕ್ಕದಿಂದ ಪ್ರಮಾಣವನ್ನು ಕಂಡುಕೊಳ್ಳುತ್ತಿದ್ದರು. ಫೆರಿಕ್ ಕ್ಲೋರೈಡಿನ ಒಂದು ಹನಿ ಬಿದ್ದೊಡನೆ ನೇರಳೆ ಬಣ್ಣ ಏಳುವ ಪರೀಕ್ಷೆಯನ್ನು ಪಿಯುಸಿ ವಿಜ್ಞಾನದ ವಿದ್ಯಾರ್ಥಿಗಳು ಇಂದಿಗೂ ಮಾಡುತ್ತಾರೆ. ಕರ್ಪೂರದ ಪ್ರಮಾಣ ತಿಳಿಯಲು ಅದು ಬೆಳಕಿನ ಧ್ರುವೀಕರಣವನ್ನು ಎಷ್ಟು ಡಿಗ್ರಿ ತಿರುಗಿಸುತ್ತದೆಂದು ನೋಡುತ್ತಿದ್ದರು. ಒಂದೇ ವಸ್ತುವಿದ್ದಾಗ ಇವೆಲ್ಲ ಸಮರ್ಥ ವಿಧಾನಗಳು. ಐದಾರು ಸುಗಂಧಗಳು ಮೇಣದಲ್ಲಿ ಮುಳುಗಿ ಕುಳಿತಾಗ ಮಾತ್ರ ಒಂದರ ಲೆಕ್ಕದಲ್ಲಿ ಇನ್ನೊಂದು ನುಸುಳಿ ಕಂಗೆಡಿಸುತ್ತಿತ್ತು.

ಮೆಣಸಿನಕಾಯಿಯ ವಿಷಯದಲ್ಲಂತೂ ಮನುಷ್ಯನ ನಾಲಗೆಯೇ ಉಪಕರಣ. ಅಮೆರಿಕದ ಔಷಧ ಕಂಪನಿಯೊಂದರಲ್ಲಿದ್ದ ವಿಲ್ಬರ್ ಸ್ಕೋವಿಲ್ 1912ರಲ್ಲಿ ರೂಪಿಸಿದ ವಿಧಾನದಲ್ಲಿ, ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳ್ಳಗಾಗಿಸುತ್ತ, ರುಚಿ ನೋಡುವವರಿಗೆ ಖಾರ ತಿಳಿಯದಾಗುವ ಹಂತದವರೆಗೂ ಸಾಗಬೇಕು. ನಮ್ಮ ಬ್ಯಾಡಗಿ ಮೆಣಸಿನಕಾಯಿ ಕೆಂಪಿನಲ್ಲಿ ಚಕ್ರವರ್ತಿ, ಖಾರದಲ್ಲಿ ಸೌಮ್ಯ ಎಂಬುದನ್ನು ಇಂದು ನಾಲಗೆಯ ಹಂಗಿಲ್ಲದೆ ಯಂತ್ರಗಳೇ ಅಂಕಿಗಳಲ್ಲಿ ಹೇಳಿಬಿಡುತ್ತವೆ. ಔಷಧಕ್ಕೆ ಇದು ಬರೀ ಕುತೂಹಲದ ಮಾತಲ್ಲ. ಕ್ಯಾಪ್ಸೈಸಿನ್ ಮುಲಾಮುಗಳಲ್ಲಿ ಅದರ ಪ್ರಮಾಣ ಶೇಕಡಾ 0.025 ಅಥವಾ 0.075, ವೈದ್ಯರ ನಿಗಾದಲ್ಲಷ್ಟೇ ಅಂಟಿಸುವ ಪಟ್ಟಿಯೊಂದರಲ್ಲಿ ಶೇಕಡಾ 8. ಮೊದಲನೆಯದಕ್ಕೂ ಕೊನೆಯದಕ್ಕೂ 320 ಪಟ್ಟು ಅಂತರ.

ಬಿಡುಗಡೆಯ ದಾರಿ ತೆರೆದದ್ದು ಒಬ್ಬ ಸಸ್ಯವಿಜ್ಞಾನಿ. ರಷ್ಯದ ಮಿಖಾಯಿಲ್ ಸ್ವೆಟ್ 1903ರಲ್ಲಿ ವಾರ್ಸಾದಲ್ಲಿ ಮಂಡಿಸಿದ ವಿಧಾನ ನೋಡಲು ಬಹು ಸರಳ: ಗಾಜಿನ ನಳಿಗೆಯಲ್ಲಿ ಪುಡಿ ತುಂಬಿ, ಮೇಲಿನಿಂದ ಎಲೆಯ ಸಾರವನ್ನು ಇಳಿಬಿಟ್ಟರೆ ಹಸಿರು, ಹಳದಿ ವರ್ಣದ್ರವ್ಯಗಳು ಬೇರೆ ಬೇರೆ ಪಟ್ಟೆಗಳಾಗಿ ಒಡೆದು ನಿಲ್ಲುತ್ತವೆ. ಸಮಕಾಲೀನರು ಅದನ್ನು ಅಷ್ಟಾಗಿ ಗಣಿಸಲಿಲ್ಲ. ಇಂಗ್ಲೆಂಡಿನ ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ ಇದೇ ಬೇರ್ಪಡಿಕೆಯ ತತ್ತ್ವಕ್ಕೆ ಹೊಸ ರೂಪ ಕೊಟ್ಟು 1952ರ ನೊಬೆಲ್ ಪಡೆದರು. ಅದೇ ವರ್ಷ ಮಾರ್ಟಿನ್ ಮತ್ತು ಆಂಟನಿ ಜೇಮ್ಸ್ ಅನಿಲದ ಹರಿವಿನಲ್ಲಿ ಬೇರ್ಪಡಿಸುವ ‘ಗ್ಯಾಸ್ ಕ್ರೊಮ್ಯಾಟೋಗ್ರಫಿ’ಯನ್ನು ಪ್ರಕಟಿಸಿದರು. ಆ ದಶಕ ಮುಗಿಯುವುದರೊಳಗೆ ಮಾರ್ಸೆಲ್ ಗೋಲೇ ಕೂದಲೆಳೆ ನಳಿಗೆಯನ್ನೂ, ಆಸ್ಟ್ರೇಲಿಯ ಮತ್ತು ದಕ್ಷಿಣ ಆಫ್ರಿಕದ ವಿಜ್ಞಾನಿಗಳು ಹೈಡ್ರೋಜನ್ ಜ್ವಾಲೆಯ ಶೋಧಕವನ್ನೂ ಕೊಟ್ಟರು. ಬಾಮ್‌ನಂಥ ಆವಿಶೀಲ ಔಷಧಗಳ ವಿಶ್ಲೇಷಣೆಗೆ ಬೇಕಾದ ಸಕಲ ಸಲಕರಣೆಯೂ ಹೀಗೆ ಅಲ್ಪಕಾಲದಲ್ಲಿ ಒದಗಿಬಂತು.

ಇಂದಿನ ಪ್ರಯೋಗಾಲಯದಲ್ಲಿ ಒಂದು ಡಬ್ಬಿ ಬಾಮ್ ಎದುರಿಸುವ ಪರೀಕ್ಷೆಯನ್ನು ಹತ್ತಿರದಿಂದ ನೋಡಬೇಕು. ಮೊದಲ ಶತ್ರು ಗಾಳಿ. ಮುಚ್ಚಳ ತೆರೆದಿಟ್ಟಷ್ಟು ಹೊತ್ತೂ ಮೆಂಥಾಲ್ ಮತ್ತು ಕರ್ಪೂರ ಹಾರಿಹೋಗುತ್ತಿರುತ್ತವೆ. ಅಳೆಯಬೇಕಾದ ವಸ್ತುವೇ ಅಳೆಯುವವರ ಮೂಗು ಸೇರಿದರೆ ಫಲಿತಾಂಶ ಕುಸಿಯುತ್ತದೆ. ಆದ್ದರಿಂದ ಮಿಲಿಗ್ರಾಂನ ಹತ್ತನೇ ಒಂದು ಭಾಗವನ್ನೂ ಗುರುತಿಸುವ ತಕ್ಕಡಿಯಲ್ಲಿ, ಬಿರಡೆಯಿರುವ ಫ್ಲಾಸ್ಕಿನೊಳಗೇ ಮುಲಾಮನ್ನು ತೂಗುತ್ತಾರೆ. ದ್ರಾವಕ ಸುರಿದು, ಬಿರಡೆ ಬಿಗಿದು, ಹದವಾಗಿ ಬೆಚ್ಚಗೆ ಮಾಡಿದಾಗ ಮೇಣ ಕರಗಿ ಸುಗಂಧಗಳನ್ನು ಬಿಟ್ಟುಕೊಡುತ್ತದೆ. ಬಳಿಕ ಮಂಜುಗಡ್ಡೆಯಲ್ಲಿಟ್ಟು ತಣಿಸಿದರೆ ಮೇಣ ಮಾತ್ರ ಹೆಪ್ಪುಗಟ್ಟಿ ತಳಕ್ಕಿಳಿಯುತ್ತದೆ. ಸೋಸಿದ ತಿಳಿ ದ್ರವ ಬೆರಳ ತುದಿಯಷ್ಟಿರುವ ಗಾಜಿನ ವಯಲ್ ಸೇರುತ್ತದೆ.

ಯಂತ್ರದ ಸೂಜಿ ಅದರಿಂದ ಎತ್ತಿಕೊಳ್ಳುವುದು ಒಂದು ಮೈಕ್ರೋಲೀಟರ್, ಅಂದರೆ ಮಿಲಿಲೀಟರಿನ ಸಾವಿರದ ಒಂದು ಭಾಗ. ಬಿಸಿ ಕೋಣೆಯಲ್ಲಿ ಅದು ಕ್ಷಣಾರ್ಧದಲ್ಲಿ ಆವಿಯಾಗಿ, 30 ಮೀಟರ್ ಉದ್ದದ, ಕಾಲು ಮಿಲಿಮೀಟರ್ ಒಳವ್ಯಾಸದ, ಸುರುಳಿ ಸುತ್ತಿದ ಕಾಲಮ್‌ನೊಳಗೆ ಅನಿಲದ ಜೊತೆ ಹೊರಡುತ್ತದೆ. ಕಾಲಮ್‌ನ ಒಳಗೋಡೆಗೆ ತೆಳುವಾದ ಲೇಪವಿರುತ್ತದೆ. ಜಾತ್ರೆಯ ಬೀದಿಯಲ್ಲಿ ಒಟ್ಟಿಗೆ ಹೊರಟ ಬಂಧುಬಳಗದಲ್ಲಿ ಬಳೆಯಂಗಡಿ, ಮಂಡಕ್ಕಿಯಂಗಡಿ ಎಂದು ನಿಂತು ನಿಂತು ಬರುವವರು ಹಿಂದುಳಿದು, ಎಲ್ಲೂ ನಿಲ್ಲದವರು ಮುಂಚೆ ತಲುಪುವ ಹಾಗೆ, ಆ ಲೇಪದ ಮೇಲೆ ಎಷ್ಟು ಒಲವು ಎನ್ನುವುದನ್ನು ಅನುಸರಿಸಿ ಅಣುಗಳು ಬೇರೆ ಬೇರೆ ಹೊತ್ತಿಗೆ ಹೊರಬರುತ್ತವೆ. ಸಾಮಾನ್ಯ ಬಳಕೆಯ ಕಾಲಮ್‌ನಲ್ಲಿ ಮೊದಲು ನೀಲಗಿರಿ ಎಣ್ಣೆಯ ಸಿನಿಯೋಲ್, ಆಮೇಲೆ ಕರ್ಪೂರ, ಅದರ ಬೆನ್ನಿಗೇ ಮೆಂಥಾಲ್, ತುಸು ಹಿಂದೆ ಮೀಥೈಲ್ ಸ್ಯಾಲಿಸಿಲೇಟ್, ಎಲ್ಲಕ್ಕೂ ಕೊನೆಗೆ ಲವಂಗದ ಯುಜಿನಾಲ್. ಪ್ರತಿಯೊಂದೂ ಹೈಡ್ರೋಜನ್ ಜ್ವಾಲೆಯಲ್ಲಿ ಉರಿದು ಅತ್ಯಲ್ಪ ವಿದ್ಯುತ್ ಪ್ರವಾಹ ಹುಟ್ಟಿಸುತ್ತದೆ; ಪರದೆಯ ಮೇಲೆ ಒಂದೊಂದೂ ಒಂದು ಶಿಖರವಾಗಿ ಏಳುತ್ತದೆ. ಲ್ಯಾಬಿನವರು ಅದನ್ನು ‘ಪೀಕ್’ ಎನ್ನುತ್ತಾರೆ. ಪೀಕ್ ಎದ್ದ ಸಮಯ ಹೆಸರನ್ನು ಸೂಚಿಸುತ್ತದೆ. ಅದರಡಿಯ ವಿಸ್ತೀರ್ಣ ಪ್ರಮಾಣವನ್ನು ಹೇಳುತ್ತದೆ.

ಇಷ್ಟು ಸೂಕ್ಷ್ಮ ಹನಿಯಲ್ಲಿ ಏರುಪೇರಾಗದೇ? ಆಗುತ್ತದೆ. ಅದಕ್ಕೂ ರಸಾಯನಜ್ಞರು ಬಲು ಜಾಣ ಉಪಾಯ ಕಂಡುಕೊಂಡಿದ್ದಾರೆ. ಬಾಮ್‌ನಲ್ಲಿ ಇಲ್ಲವೇ ಇಲ್ಲವೆಂದು ಖಾತ್ರಿಯಿರುವ ಬೇರೊಂದು ವಸ್ತುವನ್ನು ಖಚಿತ ತೂಕದಲ್ಲಿ ಮೊದಲೇ ಬೆರೆಸಿಬಿಡುತ್ತಾರೆ. ಸೂಜಿ ಕಡಿಮೆ ಎತ್ತಿದರೆ ಎರಡೂ ಕಡಿಮೆಯಾಗುತ್ತವೆ, ಹೆಚ್ಚು ಎತ್ತಿದರೆ ಎರಡೂ ಹೆಚ್ಚುತ್ತವೆ. ಅನುಪಾತ ಮಾತ್ರ ಕದಲದು. ಇಡೀ ವಿಧಾನದಲ್ಲಿ ಇದಕ್ಕಿಂತ ಸುಂದರವಾದ ಯುಕ್ತಿ ಮತ್ತೊಂದಿಲ್ಲವೆಂದು ನನ್ನ ಅಭಿಪ್ರಾಯ.

ಅನುಮಾನ ಉಳಿದರೆ ದ್ರವ್ಯರಾಶಿ ಮಾಪಕ ನೆರವಿಗೆ ಬರುತ್ತದೆ. ಅಲ್ಲೊಂದು ಸ್ವಾರಸ್ಯವಿದೆ. ಕರ್ಪೂರದ ಅಣುತೂಕ 152. ಮೀಥೈಲ್ ಸ್ಯಾಲಿಸಿಲೇಟಿನದೂ 152. ರಚನೆಯಲ್ಲಿ ಅಜಗಜಾಂತರವಿರುವ ಎರಡು ಅಣುಗಳು ಸಾಧಾರಣ ಮಾಪಕದ ಕಣ್ಣಿಗೆ ಒಂದೇ ತೂಕ. ಇಲೆಕ್ಟ್ರಾನುಗಳಿಂದ ಹೊಡೆದು ಚೂರು ಮಾಡಿದಾಗ ಗುಟ್ಟು ರಟ್ಟಾಗುತ್ತದೆ: ಕರ್ಪೂರದ ಮುಖ್ಯ ಚೂರು 95ರಲ್ಲಿ, ಸ್ಯಾಲಿಸಿಲೇಟಿನದು 120ರಲ್ಲಿ.

ಡೈಕ್ಲೋಫೆನಾಕ್‌ನದು ಬೇರೆಯೇ ಸ್ವಭಾವ. ಲವಣವಾದ್ದರಿಂದ ಅದು ಸುಲಭವಾಗಿ ಆವಿಯಾಗದು. ಅದಕ್ಕಾಗಿ ದ್ರವವನ್ನೇ ವಾಹಕವಾಗಿಸಿಕೊಂಡ ಎಚ್‌ಪಿಎಲ್‌ಸಿ ಯಂತ್ರ ಬೇಕು. ಕೆಲವೇ ಮೈಕ್ರಾನ್ ಗಾತ್ರದ ಸಿಲಿಕಾ ಕಣಗಳನ್ನು ಒತ್ತಾಗಿ ತುಂಬಿದ ಗೇಣುದ್ದದ ಉಕ್ಕಿನ ಕಾಲಮ್‌ನೊಳಗೆ, ವಾತಾವರಣದ ನೂರಾರು ಪಟ್ಟು ಒತ್ತಡದಲ್ಲಿ ದ್ರವ ನುಗ್ಗುತ್ತದೆ. ಹೊರಬರುವ ಡೈಕ್ಲೋಫೆನಾಕ್ 276 ನ್ಯಾನೊಮೀಟರಿನ ಆಸುಪಾಸಿನ ನೇರಳಾತೀತ ಬೆಳಕನ್ನು ಹೀರಿ ತನ್ನನ್ನು ಒಪ್ಪಿಸಿಕೊಳ್ಳುತ್ತದೆ. ಮೆಂಥಾಲ್ ಹಾಗಲ್ಲ, ಆ ಬೆಳಕಿಗೆ ಅದು ಸಂಪೂರ್ಣ ಪಾರದರ್ಶಕ, ಕಣ್ಣೆದುರೇ ಹಾದುಹೋದರೂ ಶೋಧಕಕ್ಕೆ ತಿಳಿಯದು. ಒಂದೇ ಟ್ಯೂಬ್ ಎರಡು ಯಂತ್ರಗಳ ಬಾಗಿಲು ತಟ್ಟಬೇಕಾಗುವುದು ಇದೇ ಕಾರಣಕ್ಕೆ.

ಅಂಕಿ ಸಿಕ್ಕ ಮೇಲೆ ಅದಕ್ಕೆ ಕಾನೂನಿನ ಬಲ ಬೇಕು. ಭಾರತದಲ್ಲಿ ಆ ಬಲವನ್ನು ಕೊಡುವುದು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆ; ಮಾನದಂಡಗಳನ್ನು ಹೇಳುವುದು 1955ರಲ್ಲಿ ಮೊದಲ ಆವೃತ್ತಿ ಕಂಡ ಭಾರತೀಯ ಫಾರ್ಮಕೋಪಿಯ. ಔಷಧ ಪರಿವೀಕ್ಷಕರು ಅಂಗಡಿಯಿಂದ ಮಾದರಿ ಪಡೆದಾಗ ಅದನ್ನು ನಾಲ್ಕು ಪಾಲು ಮಾಡಿ ಮೊಹರು ಹಾಕುತ್ತಾರೆ. ಒಂದು ಅಂಗಡಿಯವರಿಗೆ, ಒಂದು ಸರ್ಕಾರಿ ವಿಶ್ಲೇಷಕರಿಗೆ, ಒಂದು ನ್ಯಾಯಾಲಯಕ್ಕೆ, ಇನ್ನೊಂದು ತಯಾರಕರಿಗೆ. ಯಾರೂ ಯಾರ ಮಾತನ್ನೂ ಕುರುಡಾಗಿ ನಂಬಬೇಕಿಲ್ಲದ ಈ ವ್ಯವಸ್ಥೆ ನಿಜಕ್ಕೂ ಮೆಚ್ಚತಕ್ಕದ್ದು. ಕರ್ನಾಟಕದಲ್ಲಿ ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿಗಳಲ್ಲಿ ಔಷಧ ಪರೀಕ್ಷಾ ಪ್ರಯೋಗಾಲಯಗಳಿವೆ. ಲೇಬಲ್ಲಿನ ಪ್ರಮಾಣದ ಶೇಕಡಾ 90ರಿಂದ 110ರೊಳಗೆ ಇರಬೇಕೆನ್ನುವುದು ಇಂಥ ಲೇಪನಗಳಿಗೆ ಸಾಮಾನ್ಯವಾದ ಮಿತಿ, 1.16ರ ಜೆಲ್ ಆದರೆ ಸುಮಾರು 1.04ರಿಂದ 1.28. ಅದರಾಚೆ ಹೋದರೆ ನಮೂನೆ 13ರ ವರದಿಯಲ್ಲಿ ‘ಎನ್‌ಎಸ್‌ಕ್ಯೂ’ ಎಂಬ ಷರಾ ಬೀಳುತ್ತದೆ, ಅಂದರೆ ಪ್ರಮಾಣಿತ ಗುಣಮಟ್ಟದ್ದಲ್ಲ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಇಂಥವುಗಳ ಪಟ್ಟಿಯನ್ನು ತಿಂಗಳು ತಿಂಗಳೂ ಪ್ರಕಟಿಸುತ್ತದೆ.

ಕಡಿಮೆಯಿದ್ದರೆ ಗ್ರಾಹಕನಿಗೆ ನಷ್ಟ, ಹೆಚ್ಚಿದ್ದರೆ ಅಪಾಯ. ವಿಂಟರ್‌ಗ್ರೀನ್ ಎಣ್ಣೆಯ ಒಂದೇ ಟೀ ಚಮಚ, ಅಂದರೆ 5 ಮಿಲಿಲೀಟರ್, ಸುಮಾರು 7 ಗ್ರಾಂ ಆಸ್ಪಿರಿನ್‌ಗೆ ಸಮ. 325 ಮಿಲಿಗ್ರಾಂನ ಇಪ್ಪತ್ತೊಂದು ಗುಳಿಗೆಗಳನ್ನು ಒಟ್ಟಿಗೆ ನುಂಗಿದಂತೆ! ಮಕ್ಕಳು ಬಾಯಿಗೆ ಹಾಕಿಕೊಂಡರೆ ಕರ್ಪೂರವೂ ಅಪಸ್ಮಾರದಂಥ ಸೆಳವು ತರಬಲ್ಲದು. ಅಮೆರಿಕ ಅದಕ್ಕೆ ಶೇಕಡಾ 11ರ ಗರಿಷ್ಠ ಮಿತಿ ಹಾಕಿದೆ. ಇನ್ನು 2012ರಲ್ಲಿ ಅಲ್ಲಿನ ಔಷಧ ನಿಯಂತ್ರಕರು ನೋವಿನ ಲೇಪನಗಳಿಂದ ಚರ್ಮ ಸುಟ್ಟ ಪ್ರಕರಣಗಳ ಬಗ್ಗೆ ಎಚ್ಚರಿಕೆ ಹೊರಡಿಸಿದಾಗ, ಹೆಚ್ಚು ತೀವ್ರ ಗಾಯಗಳು ಕಂಡದ್ದು ಶೇಕಡಾ 3 ಮೀರಿದ ಮೆಂಥಾಲ್, ಅಥವಾ ಅದರೊಂದಿಗೆ ಶೇಕಡಾ 10 ಮೀರಿದ ಮೀಥೈಲ್ ಸ್ಯಾಲಿಸಿಲೇಟ್ ಇದ್ದ ಲೇಪನಗಳಲ್ಲಿ. ಉರಿಯನ್ನೇ ಗುಣವೆಂದು ನಂಬಿ ಮತ್ತೆ ಮತ್ತೆ ತಿಕ್ಕಿ, ಮೇಲೆ ಬಿಸಿನೀರಿನ ಚೀಲವಿಡುವ ನಮ್ಮ ರೂಢಿಗೆ ಇದು ನೇರ ಉತ್ತರ.

ಹಾಗಾದರೆ ಈ ತಂಪು, ಈ ಉರಿ ಎಲ್ಲಿಂದ? ಕ್ಯಾಪ್ಸೈಸಿನ್‌ನ ಜಾಡು ಹಿಡಿದು ಡೇವಿಡ್ ಜೂಲಿಯಸ್ 1997ರಲ್ಲಿ ನರತಂತುಗಳ ಉಷ್ಣಗ್ರಾಹಕವನ್ನು ಗುರುತಿಸಿದರು. 2002ರಲ್ಲಿ ಅವರೂ ಆರ್ಡೆಮ್ ಪಟಪೂಟಿಯನ್ ಅವರೂ ಪ್ರತ್ಯೇಕವಾಗಿ ಮೆಂಥಾಲ್‌ನ ನೆರವಿನಿಂದ ಶೀತಗ್ರಾಹಕವನ್ನು ಕಂಡರು. 2021ರ ವೈದ್ಯಕೀಯ ನೊಬೆಲ್ ಇಬ್ಬರಿಗೂ ಸಂದಿತು. ಚರ್ಮ ತಣ್ಣಗಾಗಿರುವುದಿಲ್ಲ, ಬಿಸಿಯೂ ಆಗಿರುವುದಿಲ್ಲ. ನರಗಳಿಗೆ ಹಾಗೆಂದು ಸುದ್ದಿ ಮುಟ್ಟಿರುತ್ತದೆ, ಅಷ್ಟೆ.

‘ನೈಸರ್ಗಿಕ’ ಎಂಬ ಹೇಳಿಕೆಯನ್ನೂ ಪ್ರಯೋಗಾಲಯ ಬಿಡುವುದಿಲ್ಲ. ಗಿಡದಿಂದ ಬಂದ ಮೀಥೈಲ್ ಸ್ಯಾಲಿಸಿಲೇಟಿಗೂ ಪೆಟ್ರೋಲಿಯಂ ಮೂಲದ ಫೀನಾಲಿನಿಂದ ಕಾರ್ಖಾನೆಯಲ್ಲಿ ತಯಾರಾದದ್ದಕ್ಕೂ ಅಣುರಚನೆಯಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ಆದರೆ ಜೀವಂತ ಗಿಡ ಗಾಳಿಯಿಂದ ಹೀರಿಕೊಂಡ ಇಂಗಾಲದಲ್ಲಿ ವಿಕಿರಣಶೀಲ ಕಾರ್ಬನ್-14 ಲೇಶಮಾತ್ರ ಉಳಿದಿರುತ್ತದೆ. ಯುಗಾಂತರಗಳ ಹಿಂದೆ ಹೂತ ಪೆಟ್ರೋಲಿಯಂನಲ್ಲಿ ಅದು ಎಂದೋ ಕ್ಷಯಿಸಿ ಹೋಗಿದೆ. ಪುರಾತತ್ತ್ವಜ್ಞರು ಪ್ರಾಚೀನ ನೆಲೆಗಳ ಕಾಲನಿರ್ಣಯಕ್ಕೆ ಬಳಸುವ ತಂತ್ರವೇ ಮುಲಾಮಿನ ಡಬ್ಬಿಯ ಸತ್ಯಾಸತ್ಯತೆಯನ್ನೂ ನಿರ್ಣಯಿಸಬಲ್ಲದು! ಮೆಂಥಾಲ್‌ಗೆ ಇನ್ನೊಂದು ಪರೀಕ್ಷೆಯಿದೆ: ಪುದೀನ ಗಿಡ ಎಡಮುರಿ ರೂಪವನ್ನಷ್ಟೇ ತಯಾರಿಸುತ್ತದೆ, ಅದರ ಪ್ರತಿಬಿಂಬವೂ ಬೆರೆತಿದ್ದರೆ ವಿಶೇಷ ಕಾಲಮ್ ಎರಡನ್ನೂ ಬೇರ್ಪಡಿಸಿ ತೋರಿಸುತ್ತದೆ. ಆದರೆ ರ್‍ಯೋಜಿ ನೊಯೋರಿ ಅವರ ನೊಬೆಲ್ ಪುರಸ್ಕೃತ ಸಂಶೋಧನೆಯ ಬಲದಿಂದ ಜಪಾನಿನ ಕಾರ್ಖಾನೆಗಳು ಎಡಮುರಿ ಮೆಂಥಾಲನ್ನೇ ನೇರವಾಗಿ ತಯಾರಿಸುವುದರಿಂದ ಈ ಪರೀಕ್ಷೆಯೊಂದನ್ನೇ ನಂಬಿ ಕೂರುವಂತಿಲ್ಲ.

ಟ್ಯೂಬಿನಲ್ಲಿರುವುದೆಲ್ಲ ಮೊಣಕಾಲಿಗೆ ತಲುಪುತ್ತದೆಯೇ ಎಂಬ ಪ್ರಶ್ನೆ ಈಗ ಮುಂಚೂಣಿಗೆ ಬಂದಿದೆ. 1975ರಲ್ಲಿ ಥಾಮಸ್ ಫ್ರಾನ್ಜ್ ಪರಿಚಯಿಸಿದ ಗಾಜಿನ ಕೋಶದಲ್ಲಿ ಮೇಲೆ ಮುಲಾಮು, ನಡುವೆ ಚರ್ಮದ ತುಂಡು ಅಥವಾ ಕೃತಕ ಪೊರೆ, ಕೆಳಗೆ ಚರ್ಮದ ಹೊರಮೈಯ ತಾಪವಾದ 32 ಡಿಗ್ರಿಗೆ ಹೊಂದಿಸಿ ಕಲಕುತ್ತಿರುವ ದ್ರವ. ಗಂಟೆಗಂಟೆಗೂ ಆ ದ್ರವದ ಚೂರನ್ನು ತೆಗೆದು ಎಚ್‌ಪಿಎಲ್‌ಸಿಗೆ ಕೊಟ್ಟರೆ ಎಷ್ಟು ಔಷಧ ದಾಟಿಬಂತೆಂದು ತಿಳಿಯುತ್ತದೆ. ಒಂದೇ ಶೇಕಡಾವಾರು ಹೊತ್ತ ಎರಡು ಜೆಲ್‌ಗಳು ಇಲ್ಲಿ ಬೇರೆ ಬೇರೆಯಾಗಿ ವರ್ತಿಸುವುದುಂಟು, ಯಾಕೆಂದರೆ ಔಷಧವನ್ನು ಹೊತ್ತ ಮೇಣ, ಆಲ್ಕೊಹಾಲ್, ಪಾಲಿಮರುಗಳ ಪಾಕವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಡೈಕ್ಲೋಫೆನಾಕ್ ಜೆಲ್ ಒಂದನ್ನು ಮೊಣಕಾಲಿಗೆ ದಿನಕ್ಕೆ ನಾಲ್ಕು ಬಾರಿ ಹಚ್ಚಿದಾಗ ರಕ್ತಕ್ಕೆ ಸೇರಿದ್ದು ಗುಳಿಗೆಯಿಂದ ಸೇರುವುದರ ಸುಮಾರು ಶೇಕಡಾ 6 ಮಾತ್ರ. ಹೊಟ್ಟೆ, ಮೂತ್ರಪಿಂಡಗಳ ದೃಷ್ಟಿಯಿಂದ ಇದು ವರ. ನೋವಿರುವ ಅಂಗಾಂಶದಲ್ಲೇ ಎಷ್ಟು ಉಳಿದಿದೆಯೆಂದು ಅರಿಯಲು ಸಂಶೋಧಕರು ಚರ್ಮದಡಿ ಕೂದಲಿನಷ್ಟು ಸಣ್ಣ ಪೊರೆನಳಿಗೆಯನ್ನು ತೂರಿಸಿ, ಅದರ ಮೂಲಕ ಹರಿಸಿದ ದ್ರವದಲ್ಲಿ ಗ್ರಾಮಿನ ಶತಕೋಟಿಯ ಒಂದು ಪಾಲಿನಷ್ಟು ಔಷಧವನ್ನು ದ್ರವ್ಯರಾಶಿ ಮಾಪಕದಿಂದ ಅಳೆಯುತ್ತಿದ್ದಾರೆ.